ಪೋಸ್ಟರ್ ಮೇಲ್ ಬಿಟ್ಟು ಓದುವ ಮೇಲ್: ದಾವಣಗೆರೆಯ ಒಂದು ಸಣ್ಣ ಇಮೇಲ್ ಸೇವೆಯ ರಿವ್ಯೂ

ದಾವಣಗೆರೆ ಕಡೆ ವ್ಯಾಪಾರಕ್ಕೆ ಇಮೇಲ್ ಬಳಸುವವರು ಯಾರಾದರೂ ಇದ್ದರೆ ಇದನ್ನು ಪೂರ್ತಿ ಓದಿ. ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ಇಬ್ಬರು ಸೇರಿ ಒಂದು ಸಣ್ಣ ಇಮೇಲ್ ಸೇವೆ ನಡೆಸುತ್ತಾರೆ. ಅಂಗಡಿಯವರು, ಡೀಲರುಗಳು, ಕೋಚಿಂಗ್ ಸೆಂಟರಿನವರು ತಮ್ಮ ಗ್ರಾಹಕರಿಗೆ ಕಳಿಸುವ ಮೇಲ್ ಇರುತ್ತದಲ್ಲ, ಅದನ್ನು ಬರೆದು, ಜೋಡಿಸಿ, ಟೆಸ್ಟ್ ಮಾಡಿ ಕಳಿಸಿಕೊಡುವುದು ಇವರ ಕೆಲಸ. ನಮ್ಮ ಅಂಗಡಿಯ ಮೇಲ್‌ಗಳನ್ನು ಈಗ ಇವರೇ ನೋಡಿಕೊಳ್ಳುತ್ತಿದ್ದಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಯಾಕೆ ಕಡಿಮೆ ಅನ್ನುವುದನ್ನೂ ಹೇಳುತ್ತೇನೆ.

ನಮ್ಮದು ಲ್ಯಾಬ್ ಸಾಮಾನಿನ ವ್ಯಾಪಾರ. ಬೀಕರ್, ಪಿಪೆಟ್, ಬ್ಯೂರೆಟ್, ಟೆಸ್ಟ್ ಟ್ಯೂಬ್, ಸ್ಟ್ಯಾಂಡು, ಕೆಮಿಕಲ್ಲು, ಸ್ವಲ್ಪ ಮೈಕ್ರೋಸ್ಕೋಪು. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದ ಹೆಸರಾದ ಊರು ಇದು, ಆದರೆ ನಮಗೆ ಅನ್ನ ಹಾಕುವುದು ಇಲ್ಲಿನ ಕಾಲೇಜುಗಳು. ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರದ್ದು, ಜೆಜೆಎಂ ಮೆಡಿಕಲ್ 1965ರದ್ದು, 2009ರಿಂದ ಯೂನಿವರ್ಸಿಟಿಯೂ ಇದೆ, ಆಮೇಲೆ ಪಿಯು ಕಾಲೇಜುಗಳನ್ನಂತೂ ಎಣಿಸೋಕೆ ಹೋಗಬೇಡಿ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಆ ಕಡೆ ಚಿತ್ರದುರ್ಗದವರೆಗೆ ನಮ್ಮ ಗ್ರಾಹಕರಿದ್ದಾರೆ. ಇವರಿಗೆಲ್ಲ ಸೆಮಿಸ್ಟರ್ ಶುರುವಾಗುವ ಮುಂಚೆ ದರಪಟ್ಟಿ ಹೋಗಬೇಕು. ವಾಟ್ಸ್ಆಪ್ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಇದೆ, ನಿಜ. ಆದರೆ ಕಾಲೇಜಿನ ಆಫೀಸಿಗೆ ಮೂರು ಕಡೆಯ ಕೊಟೇಶನ್ ಬೇಕು, ಅದು ಫೈಲಿಗೆ ಸೇರಬೇಕು, ಪ್ರಿನ್ಸಿಪಾಲರ ಸಹಿ ಆಗಬೇಕು. ಯಾರದೋ ಫೋನಿನಲ್ಲಿ ಬಂದ ವಾಟ್ಸ್ಆಪ್ ಫೋಟೋ ಫೈಲಿಗೆ ಹೋಗುವುದಿಲ್ಲ. ಮೇಲ್ ಹೋಗುತ್ತದೆ.

ಇವರ ಹತ್ತಿರ ಹೋಗುವ ಮುಂಚೆ ಬೇರೊಂದು ಡಿಜಿಟಲ್ ಮಾರ್ಕೆಟಿಂಗ್ ಕಂಪನಿ ನಮ್ಮ ಮೇಲ್ ಮಾಡುತ್ತಿತ್ತು. ಹೆಸರು ಬೇಡ. ಅವರು ಕೊಡುತ್ತಿದ್ದದ್ದು ಪೋಸ್ಟರ್. ಇಡೀ ಮೇಲ್ ಒಂದೇ ದೊಡ್ಡ ಚಿತ್ರ. ಮೇಲೆ ನಮ್ಮ ಲೋಗೋ, ನಡುವೆ ಹೊಳೆಯುವ ಫ್ಲಾಸ್ಕು, ಹಳದಿ ನಕ್ಷತ್ರದೊಳಗೆ ಆಫರ್, ಕೆಳಗೆ ಫೋನ್ ನಂಬರ್, ಎಲ್ಲವೂ ಚಿತ್ರದೊಳಗೇ. ನನ್ನ ಫೋನಿನಲ್ಲಿ ನೋಡಿದರೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದರೆ ಒಂದು ಕಾಲೇಜಿನ ಆಫೀಸಿನಿಂದ ಫೋನ್ ಬಂತು. "ಏನ್ರೀ, ಖಾಲಿ ಮೇಲ್ ಕಳಿಸಿದ್ದೀರಲ್ಲ, ಏನೂ ಕಾಣಲ್ಲ ಇದರಲ್ಲಿ?" ಅಂದರು. ಹೋಗಿ ನೋಡಿದೆ. ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಔಟ್‌ಲುಕ್, ಮೈಕ್ರೋಸಾಫ್ಟ್‌ನ ಮೇಲ್ ಆಪ್. ಅದು ಹೊರಗಿನ ಚಿತ್ರಗಳನ್ನು ತಾನಾಗಿ ಇಳಿಸುವುದಿಲ್ಲ, ಕೇಳಿದರೆ ಮಾತ್ರ ಇಳಿಸುತ್ತದೆ. ಹಾಗಾಗಿ ಅವರಿಗೆ ಕಂಡದ್ದು ಒಂದು ದೊಡ್ಡ ಖಾಲಿ ಚೌಕ, ಮೂಲೆಯಲ್ಲಿ ಒಂದು ಕೆಂಪು ಗುರುತು, ಅಷ್ಟೇ. ಪಾಪ, ಅದನ್ನೇ ಪ್ರಿಂಟ್ ಕೂಡ ತೆಗೆದಿದ್ದರು. ಬಿಳಿ ಹಾಳೆ ಮೇಲೆ ನಮ್ಮ ಹೆಸರೂ ಇಲ್ಲ.

ಕಂಪನಿಯವರಿಗೆ ಹೇಳಿದರೆ "ಸರ್, ಓಪನ್ ರೇಟ್ ಚೆನ್ನಾಗಿದೆ" ಅಂದರು. ಓಪನ್ ರೇಟ್ ಅಂದರೆ ಕಳಿಸಿದವರಲ್ಲಿ ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕ, ಅದರ ಮಾತು ಆಮೇಲೆ ಬರುತ್ತದೆ.

ಈಗಿನ ಸೇವೆಯವರ ವಿಷಯಕ್ಕೆ ಬರೋಣ. ನನಗೆ ಮೊದಲ ದಿನವೇ ಇಷ್ಟವಾದದ್ದು ಅವರು ಕೇಳಿದ ಪ್ರಶ್ನೆ. ಬಣ್ಣ ಯಾವುದು, ಡಿಸೈನ್ ಹೇಗಿರಲಿ ಅಂತ ಕೇಳಲಿಲ್ಲ. "ಈ ಮೇಲ್ ಯಾರು ತೆರೆಯುತ್ತಾರೆ, ಯಾವುದರಲ್ಲಿ ತೆರೆಯುತ್ತಾರೆ, ತೆರೆದ ಮೇಲೆ ಅದನ್ನು ಏನು ಮಾಡುತ್ತಾರೆ?" ಅಂತ ಕೇಳಿದರು. ಮೊದಲೆರಡಕ್ಕೆ ಯಾರಾದರೂ ಉತ್ತರ ಕೊಡುತ್ತಾರೆ. ಮೂರನೆಯದರಲ್ಲೇ ಎಲ್ಲ ಇರುವುದು. ನಮ್ಮ ಮೇಲ್ ತೆರೆಯುವವರು ಆಫೀಸಿನ ಎಸ್‌ಡಿಎ, ಅಂದರೆ ಗುಮಾಸ್ತರು, ಅಥವಾ ಲ್ಯಾಬ್ ಅಸಿಸ್ಟೆಂಟ್. ತೆರೆದ ಮೇಲೆ ಅವರು ಒಂದೋ ವಿಭಾಗದ ಮುಖ್ಯಸ್ಥರಿಗೆ ಫಾರ್ವರ್ಡ್ ಮಾಡುತ್ತಾರೆ, ಇಲ್ಲ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು ಫೈಲಿಗೆ ಸೇರಿಸುತ್ತಾರೆ. ಅಂದಮೇಲೆ ಆ ಮೇಲ್ ಫಾರ್ವರ್ಡ್ ಆದರೂ ಒಡೆಯಬಾರದು, ಎ4 ಹಾಳೆಯಲ್ಲಿ ಓದೋಕೂ ಬರಬೇಕು. ಹಳದಿ ನಕ್ಷತ್ರಕ್ಕೆ ಅಲ್ಲಿ ಏನು ಕೆಲಸ ಹೇಳಿ?

ಮೇಲ್ ಮಾಡುವ ಬಗೆ ಮುಖ್ಯವಾಗಿ ಮೂರು. ಒಂದು, ಬರೀ ಅಕ್ಷರದ ಮೇಲ್, ನಾವು ಸ್ನೇಹಿತರಿಗೆ ಬರೆದ ಹಾಗೆ. ಎರಡು, ಎಚ್‌ಟಿಎಂಎಲ್ ಮೇಲ್, ಅಂದರೆ ವೆಬ್ ಪುಟದ ಥರ ಬಣ್ಣ, ಟೇಬಲ್, ಬಟನ್ ಎಲ್ಲ ಇರುವುದು. ಮೂರು, ಆ ಪೋಸ್ಟರ್. ಪೋಸ್ಟರ್ ಹೊರಗಿನಿಂದ ಎಚ್‌ಟಿಎಂಎಲ್, ಒಳಗೆ ಒಂದೇ ಚಿತ್ರ. ಇವರು ಮಾಡುವುದು ಮೊದಲೆರಡನ್ನು ಸೇರಿಸಿ. ಒಂದೇ ಲಕೋಟೆಯಲ್ಲಿ ಒಂದೇ ಪತ್ರದ ಎರಡು ಪ್ರತಿ ಇಟ್ಟ ಹಾಗೆ, ಒಂದು ಸಾದಾ ಅಕ್ಷರದ್ದು, ಇನ್ನೊಂದು ಎಚ್‌ಟಿಎಂಎಲ್. ತೆರೆಯುವ ಆಪ್‌ಗೆ ಯಾವುದು ತೋರಿಸೋಕೆ ಬರುತ್ತದೋ ಅದನ್ನು ತೋರಿಸುತ್ತದೆ. ಇದೇನೂ ಹೊಸದಲ್ಲ, ಮೇಲ್‌ನೊಳಗೆ ಏನನ್ನು ಹೇಗೆ ಇಡಬೇಕು ಅಂತ ಹೇಳುವ 1992ರ ಮೈಮ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಆದರೆ ಬಹಳ ಜನ ಸಾದಾ ಪ್ರತಿಯನ್ನು ಖಾಲಿ ಬಿಡುತ್ತಾರೆ, ಅಥವಾ "ನಿಮ್ಮ ಆಪ್ ಈ ಮೇಲ್ ತೋರಿಸುವುದಿಲ್ಲ" ಅಂತ ಒಂದು ಸಾಲು ತುಂಬಿ ಕೈತೊಳೆದುಕೊಳ್ಳುತ್ತಾರೆ. ಇವರು ಸಾದಾ ಪ್ರತಿಯನ್ನೂ ಕೂತು ಬರೆಯುತ್ತಾರೆ. ದರಪಟ್ಟಿಯನ್ನು ಅಲ್ಲಿ ಟೇಬಲ್ ಇಲ್ಲದೆ ಸಾಲು ಸಾಲಾಗಿ ಬರೆದಿರುತ್ತಾರೆ, ಸಾಮಾನಿನ ಹೆಸರು, ಅಳತೆ, ದರ, ಜಿಎಸ್‌ಟಿ ಸೇರಿ ಎಷ್ಟು ಅಂತ.

ಎಚ್‌ಟಿಎಂಎಲ್ ಪ್ರತಿಯೂ ಹಗುರ. ಅಗಲ 600 ಪಿಕ್ಸೆಲ್, ಎಲ್ಲ ಟೇಬಲ್‌ನಲ್ಲಿ ಜೋಡಿಸಿದ್ದು. ಇಂಥ ಕಾಲದಲ್ಲಿ ಟೇಬಲ್ ಯಾಕೆ ಅಂತ ನನ್ನ ಮಗ ಕೇಳಿದ, ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವರು ಕೊಟ್ಟ ಉತ್ತರ ಇದು: ವಿಂಡೋಸ್‌ನ ಹಳೇ ಔಟ್‌ಲುಕ್ 2007ರಿಂದ ಮೇಲ್ ತೋರಿಸುವುದಕ್ಕೆ ಬಳಸುವುದು ಎಂಎಸ್ ವರ್ಡ್‌ನ ಎಂಜಿನ್, ಬ್ರೌಸರ್‌ನದ್ದಲ್ಲ. ಗುಂಡಗಿನ ಮೂಲೆ, ಹಿನ್ನೆಲೆಯ ಚಿತ್ರ, ಒಂದರ ಪಕ್ಕ ಒಂದು ತೇಲುವ ಡಬ್ಬಿಗಳು, ಇವೆಲ್ಲ ಅಲ್ಲಿ ಕೆಡುತ್ತವೆ. ಟೇಬಲ್ ಕೆಡುವುದಿಲ್ಲ. ನಮ್ಮ ಕಡೆ ಆಫೀಸುಗಳಲ್ಲಿ ಹಳೇ ಕಂಪ್ಯೂಟರ್‌ಗಳೇ ಜಾಸ್ತಿ, ಆದ್ದರಿಂದ ಇದು ಸಣ್ಣ ವಿಷಯ ಅಲ್ಲ.

ಈಗ ಕನ್ನಡದ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇವರಿಗೆ ನಾಲ್ಕು ಸ್ಟಾರ್ ಬಂದಿರುವುದೇ ಇದರಿಂದ.

ನಮ್ಮೂರಿನ ಪ್ರೆಸ್‌ಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಈಗಲೂ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ತುಂಬ ಇವೆ. ನಮ್ಮ ದರಪಟ್ಟಿಯೂ ಹಾಗೇ ಇತ್ತು. ಅದು ಯುನಿಕೋಡ್ ಅಲ್ಲ, ಅಂದರೆ ಎಲ್ಲ ಯಂತ್ರಗಳೂ ಒಂದೇ ಥರ ಗುರುತಿಸುವ ಅಕ್ಷರ ಸಂಕೇತ ಅಲ್ಲ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ, ಅದನ್ನು ಕಾಪಿ ಮಾಡಿ ಮೇಲ್‌ಗೆ ಹಾಕಿದರೆ ಆ ಕಡೆ ಕಾಣುವುದು ತಲೆ ಮೇಲೆ ಚುಕ್ಕಿ ಗೆರೆ ಹೊತ್ತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೇ ಕಂಪನಿಯವರು ಇದರಿಂದ ತಪ್ಪಿಸಿಕೊಳ್ಳೋಕೇ ಎಲ್ಲವನ್ನೂ ಚಿತ್ರ ಮಾಡಿಬಿಡುತ್ತಿದ್ದರು. ಇವರು ಇಡೀ ಪಟ್ಟಿಯನ್ನು ಯುನಿಕೋಡ್‌ಗೆ ತಿರುಗಿಸಿ, ಆಮೇಲೆ ಸಾಲು ಸಾಲಾಗಿ ಕಣ್ಣಲ್ಲಿ ನೋಡಿದರು. ತಿರುಗಿಸುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ, ಅದನ್ನು ಕೈಯಲ್ಲೇ ತಿದ್ದಬೇಕು. ತಿದ್ದಿದರು. ಈಗ ಯಾವುದಾದರೂ ಕಾಲೇಜಿನವರು ತಮ್ಮ ಇನ್‌ಬಾಕ್ಸ್‌ನಲ್ಲಿ "ಬ್ಯೂರೆಟ್" ಅಂತ ಹುಡುಕಿದರೆ ನಮ್ಮ ಮೇಲ್ ಸಿಗುತ್ತದೆ. ಪೋಸ್ಟರ್ ಹಾಗೆ ಸಿಗುತ್ತದೆ ಅಂತ ನಂಬಿ ಕೂರೋಕೆ ಆಗಲ್ಲ.

ಇನ್ನೊಂದು, ಸಾಲುಗಳ ನಡುವಿನ ಜಾಗ. ಇಂಗ್ಲಿಷ್‌ಗೆ ಮಾಡಿಟ್ಟ ಟೆಂಪ್ಲೇಟ್‌ನಲ್ಲಿ ಕನ್ನಡ ತುಂಬಿದರೆ ಸಾಲು ಸಾಲಿಗೆ ತಾಗುತ್ತದೆ. ಬಟನ್ ಇದ್ದರಂತೂ ನೋಡೋಕಾಗಲ್ಲ. ಅವರು ನಮಗೆ ಒಂದು ಸ್ಯಾಂಪಲ್ ತೋರಿಸಿದರು. "ಪಟ್ಟಿ ತರಿಸಿಕೊಳ್ಳಿ" ಅಂತ ಬರೆದ ಬಟನ್, ಎತ್ತರ ಮೊದಲೇ ಗಟ್ಟಿ ಮಾಡಿಟ್ಟದ್ದು. ಕೆಳಗೆ ಬರುವ ಒತ್ತಕ್ಷರ ಎರಡು ಕಡೆಯೂ ಅರ್ಧ ಕತ್ತರಿಸಿ ಹೋಗಿ, "ಪಟ್ಟಿ" ಅನ್ನುವುದು "ಪಟಿ" ಥರ ಕಾಣುತ್ತಿತ್ತು. ಇವರ ಮೇಲ್‌ನಲ್ಲಿ ಎತ್ತರ ಗಟ್ಟಿ ಮಾಡುವುದಿಲ್ಲ, ಅಕ್ಷರದ ಮೇಲೂ ಕೆಳಗೂ ಜಾಗ ಬಿಡುತ್ತಾರೆ. ಫಾಂಟ್ ಕೂಡ ಅಷ್ಟೇ. ಚಂದದ ಕನ್ನಡ ಫಾಂಟ್ ಹಾಕಿಸಬೇಕು ಅಂತ ನನಗೆ ಆಸೆ ಇತ್ತು. ಜಿಮೇಲ್ ಅಂಥದ್ದನ್ನು ಹೊರಗಿನಿಂದ ತರಿಸಿಕೊಳ್ಳುವುದಿಲ್ಲ, ಓದುವವರ ಯಂತ್ರದಲ್ಲಿ ಏನಿದೆಯೋ ಅದರಲ್ಲೇ ತೋರಿಸುತ್ತದೆ. ವಿಂಡೋಸ್ 10ರಲ್ಲಿ ನಿರ್ಮಲಾ ಯುಐ, ಹಳೇ ವಿಂಡೋಸ್‌ನಲ್ಲಿ ತುಂಗಾ, ಹೀಗೆ. ಅದಕ್ಕೆ ಯಾವ ಫಾಂಟ್ ಬಂದರೂ ಕೆಡದ ಹಾಗೆ ಮಾಡುವುದೇ ಜಾಣತನ, ಅದನ್ನೇ ಮಾಡುತ್ತಾರೆ.

ಮೇಲ್‌ನ ಗಾತ್ರದಲ್ಲೂ ಕನ್ನಡಕ್ಕೆ ಬೇರೆ ಲೆಕ್ಕ ಇದೆ, ಇದು ನನಗೆ ಗೊತ್ತೇ ಇರಲಿಲ್ಲ. ಜಿಮೇಲ್‌ನಲ್ಲಿ ಮೇಲ್‌ನ ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಉಳಿದದ್ದನ್ನು ಕತ್ತರಿಸಿ, ಪೂರ್ತಿ ನೋಡಬೇಕಾದರೆ ಇಲ್ಲಿ ಒತ್ತಿ ಅಂತ ಒಂದು ಲಿಂಕ್ ಇಡುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುನಿಕೋಡ್ ಕನ್ನಡದಲ್ಲಿ ಅಕ್ಷರ, ಕಾಗುಣಿತದ ಗುರುತು, ಅರ್ಧಾಕ್ಷರದ ಗುರುತು ಪ್ರತಿಯೊಂದಕ್ಕೂ ಮೂರು ಮೂರು ಬೈಟ್. "ಲ್ಯಾಬ್" ಅಂತ ಕನ್ನಡದಲ್ಲಿ ಬರೆದರೆ 18 ಬೈಟ್, ಅದೇ ಇಂಗ್ಲಿಷ್‌ನಲ್ಲಿ 3. ಉದ್ದದ ದರಪಟ್ಟಿ ಪೂರ್ತಿ ಕನ್ನಡದಲ್ಲಿ, ಅದರ ಮೇಲೆ ಪ್ರತಿ ಚೌಕಕ್ಕೂ ಬಣ್ಣ ಬಾರ್ಡರ್ ಅಂತ ಕೋಡ್ ತುಂಬಿದರೆ ಆ ಗಡಿ ಬೇಗ ಬರುತ್ತದೆ. ಕತ್ತರಿಸಿಹೋಗುವುದು ಯಾವಾಗಲೂ ಕೆಳಗಿನ ಭಾಗ, ಅಂದರೆ ನಮ್ಮ ವಿಳಾಸ, ಫೋನ್ ನಂಬರ್, ಮೇಲ್ ಬೇಡ ಅನ್ನುವವರಿಗೆ ಕೊಟ್ಟ ಲಿಂಕು. ಇವರು ಮೇಲ್‌ನಲ್ಲಿ ಹೆಚ್ಚು ಓಡುವ ಸಾಮಾನುಗಳನ್ನು ಮಾತ್ರ ಇಟ್ಟು, ಪೂರ್ತಿ ಪಟ್ಟಿಗೆ ಪಿಡಿಎಫ್ ಲಿಂಕ್ ಕೊಡುತ್ತಾರೆ. ಅಟ್ಯಾಚ್ ಮಾಡುವುದಿಲ್ಲ. ಗುರುತಿಲ್ಲದವರಿಂದ ಬಂದ ಅಟ್ಯಾಚ್‌ಮೆಂಟ್ ತೆರೆಯೋಕೆ ಆಫೀಸಿನವರು ಹೆದರುತ್ತಾರೆ, ಹೆದರಬೇಕಾದ್ದೇ.

ಬರವಣಿಗೆಯೂ ಅವರದ್ದೇ. ಹೋದ ಸಲದ ಮೇಲ್ ಶುರುವಾದದ್ದು ಹೀಗೆ: "ಮಾನ್ಯರೇ, ಬರುವ ಸೆಮಿಸ್ಟರ್‌ಗೆ ಬೇಕಾಗುವ ಗಾಜಿನ ಸಾಮಾನುಗಳ ದರ ಕೆಳಗಿದೆ. ಈ ತಿಂಗಳ ಕೊನೆಯವರೆಗೆ ಇದೇ ದರ. ದಾರಿಯಲ್ಲಿ ಒಡೆದರೆ ಬದಲಾಯಿಸಿ ಕೊಡುತ್ತೇವೆ. ಬೇಕಾದ ಸಾಮಾನಿನ ಎದುರು ಎಷ್ಟು ಅಂತ ಬರೆದು ಇದೇ ಮೇಲ್‌ಗೆ ಉತ್ತರಿಸಿ." ಅಷ್ಟೇ, ಆಮೇಲೆ ಪಟ್ಟಿ. ಕೊನೇ ಸಾಲನ್ನು ಗಮನಿಸಿ. ಬಹಳ ಕಡೆ ಉತ್ತರ ಬರೆಯಬೇಡಿ ಅನ್ನುವ ವಿಳಾಸದಿಂದ ಮೇಲ್ ಬರುತ್ತದೆ, ಉತ್ತರ ಬರೆದರೆ ಎಲ್ಲೋ ಹೋಗಿ ಬೀಳುತ್ತದೆ. ನಮ್ಮಲ್ಲಿ ಉತ್ತರ ನೇರವಾಗಿ ಕೌಂಟರಿನ ಕಂಪ್ಯೂಟರಿಗೆ ಬರುತ್ತದೆ. ಸಬ್ಜೆಕ್ಟ್ ಸಾಲಿನಲ್ಲೂ "ಧಮಾಕಾ", "ಬಂಪರ್" ಏನೂ ಇಲ್ಲ. "ದರಪಟ್ಟಿ: ಕೆಮಿಸ್ಟ್ರಿ ಲ್ಯಾಬ್ ಗಾಜಿನ ಸಾಮಾನು" ಅಂತ ಇರುತ್ತದೆ. ಫೋನಿನಲ್ಲಿ ಸಬ್ಜೆಕ್ಟ್‌ನ ಮೊದಲ ಕೆಲವು ಪದ ಮಾತ್ರ ಕಾಣುತ್ತದೆ, ಆದ್ದರಿಂದ ಮುಖ್ಯವಾದ ಪದ ಮೊದಲು ಬರಬೇಕು. ಅದರ ಕೆಳಗೆ ಮಸುಕಾಗಿ ಕಾಣುವ ಸಾಲು ಇರುತ್ತದಲ್ಲ, ಅಲ್ಲಿ ದರ ಎಂದಿನವರೆಗೆ ಅನ್ನುವುದನ್ನು ಹಾಕುತ್ತಾರೆ.

ಓಪನ್ ರೇಟ್ ವಿಷಯ ಹೇಳುತ್ತೇನೆ ಅಂದಿದ್ದೆ. ಮೇಲ್ ತೆರೆದರು ಅಂತ ಕಳಿಸುವವರಿಗೆ ಗೊತ್ತಾಗುವುದು ಅದರೊಳಗೆ ಅಡಗಿಸಿಟ್ಟ ಕಣ್ಣಿಗೆ ಕಾಣದ ಒಂದು ಚುಕ್ಕಿ ಚಿತ್ರದಿಂದ. ಆ ಚಿತ್ರ ಇಳಿದರೆ ತೆರೆದ ಲೆಕ್ಕ. 2021ರ ಸೆಪ್ಟೆಂಬರ್‌ನಿಂದ ಆಪಲ್‌ನ ಮೇಲ್ ಆಪ್‌ನಲ್ಲಿ ಒಂದು ಖಾಸಗಿತನದ ಸೌಲಭ್ಯ ಇದೆ, ಅದನ್ನು ಆನ್ ಮಾಡಿದವರ ಮೇಲ್‌ನ ಚಿತ್ರಗಳನ್ನು ಅವರು ತೆರೆಯಲಿ ಬಿಡಲಿ ಆಪಲ್ ಮೊದಲೇ ಇಳಿಸಿಟ್ಟಿರುತ್ತದೆ. ಅಂದರೆ ಓದದವರೂ ಓದಿದ ಲೆಕ್ಕಕ್ಕೆ ಸೇರುತ್ತಾರೆ. ಇತ್ತ ಔಟ್‌ಲುಕ್‌ನಲ್ಲಿ ಚಿತ್ರ ಇಳಿಸದೆ ಅಕ್ಷರ ಪೂರ್ತಿ ಓದಿದವರು ಓದದವರ ಲೆಕ್ಕಕ್ಕೆ. ಹೀಗಿರುವಾಗ ಆ ಸಂಖ್ಯೆ ಹಿಡಿದುಕೊಂಡು ಈ ಡಿಸೈನ್ ಒಳ್ಳೆಯದು, ಆ ಡಿಸೈನ್ ಕೆಟ್ಟದ್ದು ಅಂತ ಹೇಗೆ ಹೇಳುವುದು? ಈ ಸೇವೆಯವರು ಕೊಡುವ ರಿಪೋರ್ಟ್‌ನಲ್ಲಿ ಮೊದಲ ಸಾಲು ಎಷ್ಟು ಜನ ಉತ್ತರ ಬರೆದರು, ಎರಡನೆಯದು ಎಷ್ಟು ಜನ ಪಟ್ಟಿಯ ಲಿಂಕ್ ಒತ್ತಿದರು, ಮೂರನೆಯದು ಎಷ್ಟು ಜನ ಮೇಲ್ ಬೇಡ ಅಂದರು. ಓಪನ್ ರೇಟ್ ಕೆಳಗೆಲ್ಲೋ ಇರುತ್ತದೆ. ನನಗೆ ಇದು ಪ್ರಾಮಾಣಿಕ ಅನ್ನಿಸಿತು. ನಮ್ಮ ಅನುಭವದಲ್ಲಿ ಪೋಸ್ಟರ್ ಕಾಲಕ್ಕಿಂತ ಈಗ ಮೇಲ್‌ಗೇ ಉತ್ತರ ಬರೆದು ಆರ್ಡರ್ ಕೊಡುವವರು ಖಂಡಿತ ಜಾಸ್ತಿ ಆಗಿದ್ದಾರೆ, ಅದರಲ್ಲೂ ತಾಲ್ಲೂಕು ಕಡೆಯ ಪಿಯು ಕಾಲೇಜುಗಳವರು.

ಮೇಲ್ ಇನ್‌ಬಾಕ್ಸ್‌ಗೆ ಹೋಗುವ ಏರ್ಪಾಡನ್ನೂ ಅವರೇ ಮಾಡಿದರು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಯಾರೇ ಕಳಿಸಿದರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕು, ಅಂದರೆ ಈ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಹೆಸರಿನಲ್ಲಿ ಕಳಿಸುವ ಹಕ್ಕು ಇವರಿಗಿದೆ ಅನ್ನುವ ಗುರುತು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಅವೆರಡರ ಜೊತೆ ಡಿಮಾರ್ಕ್ ಬೇಕು, ಅಂದರೆ ಆ ಗುರುತು ತಾಳೆಯಾಗದ ಮೇಲ್ ಬಂದರೆ ಏನು ಮಾಡಬೇಕು ಅನ್ನುವ ಸೂಚನೆ, ಒಂದೇ ಒತ್ತಿಗೆ ಮೇಲ್ ಬೇಡ ಅನ್ನುವ ಸೌಲಭ್ಯವೂ ಬೇಕು. ಸ್ಪ್ಯಾಮ್ ಅಂತ ದೂರು ಕೊಡುವವರು 0.3 ಪರ್ಸೆಂಟ್ ಮುಟ್ಟಬಾರದು. ನಾವು ಅಷ್ಟೆಲ್ಲ ಕಳಿಸುವವರಲ್ಲ, ಆದರೂ ಎಲ್ಲವನ್ನೂ ಹಾಕಿಕೊಟ್ಟರು. ಅಂಗಡಿಯ ಹೆಸರಿನಲ್ಲಿ ಸ್ವಂತ ಡೊಮೈನ್ ಇರಲೇಬೇಕು ಅಂದರು, ಕೊಂಡೆವು. ಅದಕ್ಕೆ ವರ್ಷಕ್ಕೆ ಆಗುವ ಖರ್ಚು ದೊಡ್ಡದೇನಲ್ಲ.

ಇನ್ನು ಕೊರತೆಗಳು.

ಫೋಟೋ ವಿಷಯದಲ್ಲಿ ಇವರು ತುಂಬ ಹಟ ಮಾಡುತ್ತಾರೆ. ಬೀಕರ್‌ಗೆ ಫೋಟೋ ಬೇಡ, ಒಪ್ಪುತ್ತೇನೆ. ಆದರೆ ಮೈಕ್ರೋಸ್ಕೋಪ್ ಕೊಳ್ಳುವವರು ಅದು ಹೇಗಿದೆ ಅಂತ ನೋಡಬೇಡವೇ? ಸ್ಟೇಜ್ ಎಂಥದ್ದು, ಲೈಟ್ ಎಲ್ಲಿದೆ, ಒಂದು ಕಣ್ಣಿನದೋ ಎರಡು ಕಣ್ಣಿನದೋ, ಇದನ್ನೆಲ್ಲ ಅಕ್ಷರದಲ್ಲಿ ಬರೆಯುತ್ತಾ ಕೂರೋಕೆ ಆಗುತ್ತದಾ? ಸಾಕಷ್ಟು ವಾದ ಆದ ಮೇಲೆ ಒಂದು ಸಣ್ಣ ಫೋಟೋ ಹಾಕಿದರು, ಚಿತ್ರ ಕಾಣದಿದ್ದರೆ ಅದರ ಜಾಗದಲ್ಲಿ ಮಾಡೆಲ್ ಮತ್ತು ದರ ಅಕ್ಷರದಲ್ಲಿ ಕಾಣುವ ಹಾಗೆ. ಈಗ ಚೆನ್ನಾಗಿದೆ. ಆದರೆ ಅಷ್ಟು ವಾದ ಬೇಕಿರಲಿಲ್ಲ. ಸೀರೆ ಅಂಗಡಿಯವರು, ಬೇಕರಿಯವರು ಇವರ ಹತ್ತಿರ ಹೋದರೆ ಮೊದಲೇ ಗಟ್ಟಿಯಾಗಿ ಹೇಳಿ. ಸೀರೆಯನ್ನು ಅಂಚು ಸೆರಗು ತೋರಿಸದೆ ಮಾರೋಕೆ ಆಗಲ್ಲ. ಅಲ್ಲಿ ಚಿತ್ರ ಬೇಕೇ ಬೇಕು, ದರ ಮತ್ತು ಫೋನ್ ನಂಬರ್ ಮಾತ್ರ ಚಿತ್ರದ ಹೊರಗೆ ಅಕ್ಷರದಲ್ಲಿ ಇರಲಿ.

ಡಾರ್ಕ್ ಮೋಡ್ ಅವರು ಸರಿಯಾಗಿ ಟೆಸ್ಟ್ ಮಾಡಿರಲಿಲ್ಲ. ನಮ್ಮ ಲೋಗೋ ಕಪ್ಪು ಅಕ್ಷರದ್ದು, ಹಿನ್ನೆಲೆ ಇಲ್ಲದ್ದು. ಫೋನನ್ನು ಡಾರ್ಕ್ ಮೋಡ್‌ನಲ್ಲಿ ಇಟ್ಟುಕೊಂಡವರಿಗೆ ಕಪ್ಪಿನ ಮೇಲೆ ಕಪ್ಪು, ಲೋಗೋ ಮಾಯ. ಒಬ್ಬ ಲೆಕ್ಚರರ್ ಸ್ಕ್ರೀನ್‌ಶಾಟ್ ಕಳಿಸಿ ಹೇಳಿದ ಮೇಲೆ ಸುತ್ತ ಬಿಳಿ ಅಂಚು ಕೊಟ್ಟು ಸರಿ ಮಾಡಿದರು. ಗ್ರಾಹಕರು ಹೇಳುವವರೆಗೆ ಕಾಯಬಾರದಿತ್ತು.

ಮತ್ತೆ, ಇವರಿಂದ ಅವಸರದ ಕೆಲಸ ಆಗುವುದಿಲ್ಲ. ಇಬ್ಬರೇ ಇರುವುದು. ಯುಗಾದಿ, ದೀಪಾವಳಿ ಹಿಂದೆ ಮುಂದೆ ಅಂತೂ ಫೋನ್ ಎತ್ತುವುದೇ ಕಷ್ಟ. ಒಂದು ಕೆಮಿಕಲ್ ದರ ಬದಲಾಯಿತು, ಇವತ್ತೇ ಮೇಲ್ ಹೋಗಬೇಕು ಅಂದರೆ "ನಾಳೆ ಸಾರ್" ಅಂತಾರೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ನಾವೇ ಲಾಗಿನ್ ಆಗಿ ತಿದ್ದಿ ಕಳಿಸುವ ವ್ಯವಸ್ಥೆ ಇರುತ್ತದೆ, ಇವರಲ್ಲಿ ಇಲ್ಲ. ಆ ಒಂದು ಸ್ಟಾರ್ ಹೋದದ್ದು ಮುಖ್ಯವಾಗಿ ಇದಕ್ಕೆ.

ದುಡ್ಡಿನ ಲೆಕ್ಕ ಮೇಲ್ ಒಂದಕ್ಕೆ ಇಷ್ಟು ಅಂತ, ತಿಂಗಳ ಪ್ಯಾಕೇಜ್ ಕಟ್ಟಿಸಿಕೊಳ್ಳುವುದಿಲ್ಲ. ನಮ್ಮಂಥವರಿಗೆ ಇದೇ ಸರಿ. ಸೆಮಿಸ್ಟರ್ ಹೊತ್ತಿಗೆ ಮಾತ್ರ ಕೆಲಸ ಇರುವವರು ವರ್ಷಪೂರ್ತಿ ಯಾಕೆ ಕಟ್ಟಬೇಕು?

ಹೋಗುವವರಿಗೆ ಒಂದು ಮಾತು. ಕಳಿಸುವ ಮುಂಚೆ ಟೆಸ್ಟ್ ಮೇಲ್ ಕೇಳಿ. ಅದನ್ನು ನಿಮ್ಮ ಫೋನಿನಲ್ಲಿ ನೋಡಿ ಓಕೆ ಅನ್ನಬೇಡಿ. ನಿಮ್ಮ ಗ್ರಾಹಕರು ಬಳಸುವಂಥ ಹಳೇ ಕಂಪ್ಯೂಟರಿನಲ್ಲಿ, ಚಿತ್ರ ಆಫ್ ಮಾಡಿ ನೋಡಿ, ಒಂದು ಕಪ್ಪು ಬಿಳುಪು ಪ್ರಿಂಟ್ ತೆಗೆಯಿರಿ, ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿಸಿ ನೋಡಿ. ಮತ್ತೆ ವಿಳಾಸದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಗೊಂಡು ಹೋಗಿ, ಅದರಲ್ಲಿ ಯಾರು ತಾವೇ ವಿಳಾಸ ಕೊಟ್ಟವರು ಅನ್ನುವುದಕ್ಕೆ ಬೇರೆ ಕಾಲಮ್ ಇರಲಿ. ಎಲ್ಲಿಂದಲೋ ದುಡ್ಡು ಕೊಟ್ಟು ಕೊಂಡ ಪಟ್ಟಿ ತೆಗೆದುಕೊಂಡು ಹೋದರೆ ಅವರು ಮುಟ್ಟುವುದಿಲ್ಲ, ನನ್ನ ಎದುರಿಗೇ ಒಬ್ಬರನ್ನು ಹಾಗೆ ವಾಪಸ್ ಕಳಿಸಿದರು. ಭಾನುವಾರ ರಜ, ಬೇರೆ ದಿನ ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ.